ಕರೆಂಟ್ ಅತ್ತೆಯ ಒದ್ದೆ ಕಾಲು

ನಮ್ಮಪ್ಪನ ಅಕ್ಕನನ್ನು ಸುತ್ತಮುತ್ತಲಿನವರೆಲ್ಲ ಕರೆಂಟ್ ಅತ್ತೆ ಎಂದೇ ಕರೆಯುವುದು. ನನಗೆ ಸ್ವಂತ ಅತ್ತೆ, ಮಿಕ್ಕವರಿಗೆಲ್ಲ ಬಿಟ್ಟಿ ಅತ್ತೆ. ಬ್ಯಾಂಕಿನಲ್ಲಿ ಯಾರಾದರೂ ಅವಳ ನಿಜವಾದ ಹೆಸರು ಕೂಗಿದರೆ, ಯಾರಪ್ಪಾ ಅದು ಎಂದು ಅವಳೇ ಹಿಂದಕ್ಕೆ ತಿರುಗಿ ನೋಡುತ್ತಾಳೆ. ಹೊಲಕ್ಕೆ, ತೋಟಕ್ಕೆ, ಕುರಿದೊಡ್ಡಿಗೆ ಕರೆಂಟ್ ಬೇಲಿ ಹಾಕಿಕೊಡುವುದು ಅವಳ ಕಸುಬು. ಇದು ಗಂಡಸರ ಕೆಲಸ ಅಲ್ವಾ ಎಂದು ಕೇಳಿದವರಿಗೆ, "ಹೌದು, ಗಂಡಸರು ಬರೋವರೆಗೆ ನಾನು ಮಾಡ್ತಿರ್ತೀನಿ" ಎನ್ನುತ್ತಾಳೆ. ಇವತ್ತಿನವರೆಗೆ ಒಬ್ಬನೂ ಬಂದಿಲ್ಲ.

ಕರೆಂಟ್ ಬೇಲಿ ಎಂದ ಕೂಡಲೇ ಸಾವು ನೆನಪಾಗುವವರಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಟ್ಟು, ಹಂದಿಯ ಜೊತೆಗೆ ಮನುಷ್ಯರನ್ನೂ ಕೊಲ್ಲುವ ಪುಣ್ಯಾತ್ಮರಿಗೆ ಕೊರತೆಯಿಲ್ಲ. ಹಾಗೆ ಹಾಕಿಕೊಡು ಎಂದು ಕೇಳಿ ಬಂದ ಒಬ್ಬನನ್ನು ಅತ್ತೆ ಕಟಿಂಗ್ ಪ್ಲೇಯರ್ ಹಿಡಿದು ಗೇಟಿನವರೆಗೂ ಅಟ್ಟಿದ್ದನ್ನು ನಾನೇ ಕಂಡಿದ್ದೇನೆ. ಅವಳದು ಬ್ಯಾಟರಿಯಿಂದ ನಡೆಯುವ ಮಷೀನು. ಟಕ್, ಟಕ್ ಎಂದು ಬಿಟ್ಟು ಬಿಟ್ಟು ಏಟು ಕೊಡುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿಬಿದ್ದು ಓಡುತ್ತದೆ, ಸಾಯುವುದಿಲ್ಲ. ಆದರೆ ಆ ಏಟು ಬೀಳಬೇಕಾದರೆ ಒಂದು ಸುತ್ತು ಪೂರ್ತಿಯಾಗಬೇಕು: ತಂತಿಯಿಂದ ಪ್ರಾಣಿಗೆ, ಪ್ರಾಣಿಯ ಕಾಲಿನಿಂದ ನೆಲಕ್ಕೆ, ನೆಲದೊಳಗಿಂದ ಅಲ್ಲಿ ಹೊಡೆದಿರುವ ಕಬ್ಬಿಣದ ಅರ್ತ್ ರಾಡಿಗೆ, ರಾಡಿನಿಂದ ವಾಪಸ್ ಮಷೀನಿಗೆ. ನೆಲದಲ್ಲಿ ತೇವ ಇದ್ದರೆ ಎಲ್ಲ ಸಲೀಸು, ಒಣ ನೆಲ ಮಾತ್ರ ಯಾರ ಮಾತೂ ಕೇಳುವುದಿಲ್ಲ. "ತಂತಿ ಎಳೆಯೋದನ್ನ ಯಾವ ಕತ್ತೆ ಬೇಕಾದ್ರೂ ಮಾಡುತ್ತೆ. ಅರ್ತಿಂಗ್ ಮಾಡೋದು ಕಸುಬು" ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಅದೇ ಅರ್ತಿಂಗ್ ಅವಳನ್ನು ಕೆಡವಿದ ಕಥೆಯಿದು.

ಅತ್ತೆಯ ಗಂಡ ಲೈನ್‌ಮನ್ ಆಗಿದ್ದ. ಲೈನ್ ಆಫ್ ಆಗಿದೆ, ಹತ್ತು ಎಂದು ಕೆಳಗೆ ನಿಂತವನು ಹೇಳಿದ. ಮಾವ ಕಂಬ ಹತ್ತಿದ. ಲೈನ್ ಆಫ್ ಆಗಿರಲಿಲ್ಲ. ಅದಾದ ಮೇಲೆ ಅತ್ತೆ ನಮ್ಮ ಮನೆಗೆ ಬಂದಳು. ಬರುವಾಗ ಮಾವನ ಟೂಲ್ ಚೀಲವನ್ನೂ ತಂದಳು, ಯಾರು ಏನು ಹೇಳಿದರೂ ನಂಬದ ಬುದ್ಧಿಯನ್ನೂ ತಂದಳು. ಬೇಲಿಯಲ್ಲಿ ಎಷ್ಟು ಪವರ್ ಇದೆ ಎಂದು ತೋರಿಸುವ ಮೀಟರ್ ಇದೆ. ಅದನ್ನು ಕೊಂಡು ತಂದವಳು ಪ್ಲಾಸ್ಟಿಕ್ ಕವರನ್ನೂ ಬಿಚ್ಚಲಿಲ್ಲ. ಬೇಲಿ ಮುಗಿದ ಮೇಲೆ ಅವಳು ರಾಡಿನ ಬುಡಕ್ಕೆ ನೀರು ಹೊಯ್ಯುತ್ತಾಳೆ, ಚಪ್ಪಲಿ ಬಿಡುತ್ತಾಳೆ, ಅಲ್ಲೇ ಬರಿಗಾಲಲ್ಲಿ ನಿಂತು ಕೈಯ ಹಿಂಬದಿಯಿಂದ ತಂತಿ ಮುಟ್ಟುತ್ತಾಳೆ. ಏಟು ಬಿದ್ದರೆ "ಅಯ್ಯಪ್ಪಾ!" ಎಂದು ಹಿಂದಕ್ಕೆ ಹಾರಿ, ಕೈ ಕೊಡವಿಕೊಂಡು ನಗುತ್ತಾಳೆ.

"ಮೀಟರ್ ಸುಳ್ಳು ಹೇಳಬಹುದು. ಮನುಷ್ಯ ಸುಳ್ಳು ಹೇಳೇ ಹೇಳ್ತಾನೆ. ನನ್ನ ಕೈ ಸುಳ್ಳು ಹೇಳಲ್ಲ" ಎನ್ನುತ್ತಾಳೆ.

ಬೇಲಿ ಹಾಕಿಸಿಕೊಂಡವರಿಗೆ ಆ ಹಾರಾಟ ನೋಡುವುದೇ ಒಂದು ಸಂಭ್ರಮ. ಅತ್ತೆ ಹಾರಿದಳೆಂದರೆ ಬೇಲಿ ಪಾಸು. ಕಲ್ಲುಗಣಿಯ ಪಕ್ಕದಲ್ಲಿ ಒಬ್ಬಳು ಕುರಿಯಮ್ಮ ಇದ್ದಾಳೆ, ಅವಳ ದೊಡ್ಡಿಗೆ ತೋಳದ ಕಾಟ. ಅತ್ತೆ ಅಲ್ಲಿ ಹಾರಿದ ದಿನ ಆ ಮುದುಕಿ ಚಪ್ಪಾಳೆ ತಟ್ಟಿ, "ಇನ್ನು ನಾನೂ ನನ್ನ ಮೊಮ್ಮಗೂನೂ ದೊಡ್ಡೀಲಿ ಹಾಯಾಗಿ ಮಲಗ್ತೀವಿ ತಾಯಿ" ಎಂದಿದ್ದಳಂತೆ. ಅತ್ತೆ ಅದನ್ನು ನಮಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ಇನ್ನು ನಮ್ಮಪ್ಪ. ಅವನು ಜೇನು ಸಾಕುವವನು. ನಮ್ಮ ಮನೆಯ ಹಿಂದಿನ ಗುಡ್ಡದ ನಡುವೆ ಅಗಲವಾದ ಒಂದು ಹಾಸುಬಂಡೆ ಇದೆ. ಮೇಲುಗಡೆಯೆಲ್ಲ ಬರೀ ಬಂಡೆ, ಕೆಳಗಡೆ ಸ್ವಲ್ಪ ಜಲ್ಲಿಮಣ್ಣು. ಸುತ್ತ ಹೂಬಿಡುವ ಪೊದೆಗಳಿವೆ ಎಂದು ಜೇನುಪೆಟ್ಟಿಗೆಗಳನ್ನೆಲ್ಲ ಅಲ್ಲೇ ಇಟ್ಟಿದ್ದಾನೆ. ಅಪ್ಪನಿಗೆ ಮಂಡಿನೋವು, ಕಿವಿಯೂ ಮಂದ. "ಜೀವಮಾನವೆಲ್ಲ ಗುಂಯ್‌ಗುಟ್ಟಿಸಿಕೊಂಡ ಕಿವಿ, ಈಗ ರಜೆ ಹಾಕಿದೆ" ಎಂದು ಅವನೇ ನಗುತ್ತಾನೆ. ಅಮ್ಮ ತೀರಿಕೊಂಡ ಮೇಲೆ ಅವನಿಗೆ ಮನೆಗಿಂತ ಆ ಪೆಟ್ಟಿಗೆಗಳ ನಡುವೆಯೇ ಜೀವಕ್ಕೆ ಹಿತ.

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತಾರಲ್ಲ, ನಮ್ಮಲ್ಲಿ ಪೂಜೆಯೂ ಇಲ್ಲದೆ ಕರಡಿ ಬಂತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಎರಡು ಪೆಟ್ಟಿಗೆ ಚೂರುಚೂರು. ಜೇನು ತುಂಬಿದ ಎರಿಗಳೆಲ್ಲ ಬಂಡೆಯ ಮೇಲೆ ಹರಡಿದ್ದವು, ಹುಳುಗಳು ದಿಕ್ಕೆಟ್ಟು ಹಾರಾಡುತ್ತಿದ್ದವು. ಅಪ್ಪ ಮನೆಗೆ ಬಂದು, ತಟ್ಟೆ ಮುಂದಿಟ್ಟರೂ ಮುಟ್ಟದೆ ಗೋಡೆ ನೋಡುತ್ತ ಕುಳಿತ. ಅತ್ತೆ ಹಾರೆ, ತಂತಿ, ಮಷೀನು ಎತ್ತಿಕೊಂಡು ಗುಡ್ಡ ಹತ್ತಿದಳು.

ಬೇಲಿ ಎದ್ದು ನಿಂತಿತು. ಅರ್ತ್ ರಾಡುಗಳನ್ನು ಕೆಳಗಡೆಯ ಜಲ್ಲಿಮಣ್ಣಿನಲ್ಲಿ ಹೊಡೆದಳು, ಮಣ್ಣು ಒಣಕಲು ಎಂದು ಬುಡಕ್ಕೆ ಬಕೆಟ್‌ಗಟ್ಟಲೆ ನೀರು ಕುಡಿಸಿದಳು. ತಂತಿಗೆ ಅಲ್ಲಲ್ಲಿ ಡಬ್ಬದ ಮುಚ್ಚಳಗಳನ್ನು ಕಟ್ಟಿ, ಅವಕ್ಕೆ ಜೇನು ಸವರಿದಳು. "ಕರಡಿಗೆ ಮೈಯೆಲ್ಲ ಕಂಬಳಿ. ಮೈ ತಾಗಿದ್ರೆ ಅದಕ್ಕೆ ಗೊತ್ತೇ ಆಗಲ್ಲ. ನೆಕ್ಕೋಕೆ ಬಂದು ಮೂಗು ತಾಗ್ಬೇಕು, ಆಗ ಬುದ್ಧಿ ಬರುತ್ತೆ" ಎಂದಳು. ಆಮೇಲೆ ಯಥಾಪ್ರಕಾರ ಚಪ್ಪಲಿ ಬಿಟ್ಟಳು, ಮುಟ್ಟಿದಳು, ಹಾರಿದಳು.

ಅಪ್ಪನ ಮುಖ ಅರಳಿತು. ಕರಡಿ ಬಂದಾಗಿನಿಂದ ಬೆಳಕಿರುವಾಗಲೇ ಕುಂಟುತ್ತ ಇಳಿದು ಬರುತ್ತಿದ್ದವನು, ಮಾರನೆಯ ದಿನವೇ ನನ್ನ ತಲೆಯ ಮೇಲೆ ಮಡಚು ಮಂಚ ಹೊರಿಸಿಕೊಂಡು ಮೇಲೆ ಹೋಗಿ ಠಿಕಾಣಿ ಹೂಡಿದ. ದಿನಾ ಹತ್ತಿಳಿಯುವುದರಿಂದ ಮಂಡಿಗೆ ಬಿಡುಗಡೆ ಸಿಕ್ಕಿತು ಎಂದು ಅವನಿಗೆ ಖುಷಿ. ಬೇಲಿಯೊಳಗೆ ಒಂದು ತಗಡಿನ ಶೆಡ್ ಇದೆ, ಆದರೆ ಅದರ ತುಂಬ ಖಾಲಿ ಪೆಟ್ಟಿಗೆಗಳು. ಹಾಗಾಗಿ ಮಂಚ ಹೊರಗೆ, ಟಾರ್ಪಾಲಿನ ಕೆಳಗೆ.

"ಅಪ್ಪಾ, ಕರಡಿ ಬಂದ್ರೆ?" ಎಂದೆ.

"ಬೇಲಿ ಇದೆಯಲ್ಲ."

"ಬೇಲಿ ಕೆಟ್ರೆ? ನಿಂಗೆ ಸದ್ದೂ ಕೇಳಿಸಲ್ಲ."

"ನಮ್ಮಕ್ಕ ಹಾರಿದ್ದು ನೋಡ್ಲಿಲ್ವಾ ನೀನು? ಅಕ್ಕ ಹೇಳಿದ್ಮೇಲೆ ಮುಗೀತು" ಎಂದು ದಿಂಬು ತಟ್ಟಿಕೊಂಡ.

ನನಗೆ ಮಾತ್ರ ಆ ಮಾತು ಸಾಲಲಿಲ್ಲ. ಬೆಳಗಾದರೆ ಸಾಕು, ಕೋಳಿಗಳಿಗೆ ಕಾಳು ಎರಚಿ ಗುಡ್ಡ ಹತ್ತುತ್ತಿದ್ದೆ. ಕೊನೆಯ ತಿರುವಿನಲ್ಲಿ ಟಾರ್ಪಾಲಿನ ಅಂಚಿನಿಂದ ಹೊರಗೆ ಚಾಚಿಕೊಂಡ ಅಪ್ಪನ ಎರಡು ಪಾದ ಕಾಣಬೇಕು. ಅವು ಕಂಡ ಮೇಲೆ ನನ್ನ ಉಸಿರು. ಒಂದು ದಿನ ಪಾದ ಕಾಣದೆ, ಜೀವ ಬಾಯಿಗೆ ಬಂದು ಓಡಿದರೆ, ಪುಣ್ಯಾತ್ಮ ತಲೆ ಹಾಕುವ ಕಡೆ ಕಾಲು ಹಾಕಿ ಮಲಗಿದ್ದ.

"ಬೇಲಿನೇ ಎದ್ದು ಹೊಲ ಮೇಯ್ತು ಅಂತ ಕೇಳಿದೀಯಾ ಅತ್ತೆ?" ಎಂದು ಕೆಣಕಿದರೆ, ಅವಳು ತಲೆಯನ್ನೂ ಎತ್ತದೆ, "ನನ್ನ ಬೇಲಿ ಮೇಯಲ್ಲ ಕಣೇ ಕೋಳಿರಾಣಿ, ಒದೆಯುತ್ತೆ" ಎನ್ನುತ್ತಿದ್ದಳು. ಕೋಳಿರಾಣಿ ಎಂದರೆ ನಾನು. ನನ್ನ ಕೋಳಿಗೂಡಿನ ಮೇಲೆ ಅವಳಿಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು, ಅವಳ ಬೇಲಿ ಬೇಡವೆಂದು ಗಟ್ಟಿ ಕಬ್ಬಿಣದ ಜಾಲರಿ ಹಾಕಿದ್ದೆನಲ್ಲ, ಅದಕ್ಕೆ.

ಒಂದು ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ತೆಗೆದುಕೊಂಡು ಹೋದೆ. ಬಿಸಿಲು ಸುಡುತ್ತಿತ್ತು. ಬೇಲಿಯ ಮೇಲುಗಡೆ, ಬರೀ ಬಂಡೆಯ ಭಾಗದಲ್ಲಿ, ಹಾಲು ಮಾರುವವಳ ಬಿಳಿ ಮೇಕೆ ನಿಂತಿತ್ತು. ತಂತಿಗೆ ಕಟ್ಟಿದ ಮುಚ್ಚಳವನ್ನು ನೆಕ್ಕುತ್ತಿತ್ತು. ನಾನು ಅಲ್ಲೇ ಕಲ್ಲಾದೆ. ಮಷೀನಿನ ಸದ್ದು ಸ್ಪಷ್ಟವಾಗಿ ಕೇಳುತ್ತಿದೆ, ಟಕ್, ಟಕ್. ಮೇಕೆ ಕಣ್ಣು ಅರ್ಧ ಮುಚ್ಚಿಕೊಂಡು, ಮುಚ್ಚಳದ ಈ ಬದಿ ಮುಗಿಸಿ ಆ ಬದಿ ನೆಕ್ಕುತ್ತಿದೆ. ಅಲ್ಲಿಂದ ಉಗುಳಿದರೆ ಬೀಳುವಷ್ಟು ದೂರದಲ್ಲಿ ಅಪ್ಪ ಬಾಯಿ ತೆರೆದುಕೊಂಡು ಮಲಗಿದ್ದಾನೆ.

ಡಬ್ಬಿ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಸುಡುವ ಬಂಡೆಯ ಮೇಲೆ ಕಾಲೂರಿ, ಕಣ್ಣು ಮುಚ್ಚಿಕೊಂಡು ತಂತಿ ಮುಟ್ಟಿದೆ. ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಕೆಳಗೆ ಓಡಿದೆ. (ಆ ಊಟವನ್ನೂ ಮೇಕೆಯೇ ಮಾಡಿತಂತೆ.)

ಅತ್ತೆ ಅಂಗಳದಲ್ಲಿ ಯಾರದೋ ಮಷೀನು ಬಿಚ್ಚಿಕೊಂಡು ಕೂತಿದ್ದಳು.

"ಅತ್ತೆ, ಬೇಲಿ ಸತ್ತಿದೆ."

"ಚಪ್ಪಲಿ ಹಾಕ್ಕೊಂಡು ಮುಟ್ಟಿರ್ತೀಯ."

"ಇಲ್ಲ! ಬರಿಗಾಲಲ್ಲಿ ಮುಟ್ಟಿದೀನಿ. ಮೇಕೆ ನಿಂತು ನೆಕ್ತಾ ಇದೆ ಅತ್ತೆ, ಅಪ್ಪನ ಪಕ್ಕದಲ್ಲೇ!"

"ಬೆಳಿಗ್ಗೆ ತಾನೇ ನಾನು ಮುಟ್ಟಿ ಬಂದಿದೀನಿ. ಕೈ ಇನ್ನೂ ಜುಂ ಅಂತಿದೆ. ನನ್ನ ಕೈ ಸುಳ್ಳು ಹೇಳುತ್ತಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸಿನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಕೈ ಹಿಡಿದು ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೈದಳು. ಬೇಲಿಯ ಕೆಳಬದಿಗೆ ಬಂದು, ಅಲ್ಲಿಟ್ಟಿದ್ದ ಡ್ರಮ್ಮಿನಿಂದ ಒಂದು ಬಕೆಟ್ ನೀರು ತೆಗೆದು ರಾಡುಗಳ ಬುಡಕ್ಕೆ ಸುರಿದಳು, ಚಪ್ಪಲಿ ಬಿಟ್ಟಳು, ಮುಟ್ಟಿದಳು. "ಅಯ್ಯಪ್ಪಾ!" ಎಂದು ಹಿಂದಕ್ಕೆ ಹಾರಿದಳು.

"ನೋಡಿದ್ಯಾ? ಕಣ್ಣಾರೆ ನೋಡಿದ್ಯಾ? ಕೆಲಸ ಕೆಡಿಸಿದ್ಯಲ್ಲೇ, ಬಾಯಿಬಡುಕಿ!"

ನನ್ನ ತಲೆ ಕೆಟ್ಟುಹೋಯಿತು. ಹಾಗಾದರೆ ನಾನು ನೋಡಿದ್ದೇನು? ಅತ್ತೆ ಕೈ ಕೊಡವುತ್ತ ನಿಂತಿದ್ದಳು, ಹಿಮ್ಮಡಿಯವರೆಗೂ ಕೆಸರು, ಬೆರಳ ಸಂದಿಯಿಂದ ನೀರು ಇಳಿಯುತ್ತಿತ್ತು. ನಾನು ಆ ಕಾಲುಗಳನ್ನೇ ನೋಡಿದೆ. ಆಮೇಲೆ ಮೇಕೆಯ ಕಾಲುಗಳನ್ನು ನೋಡಿದೆ.

"ಬಾ ಇಲ್ಲಿ" ಎಂದು ಮತ್ತೆ ಕೈ ಹಿಡಿದೆ. ಮೇಲಕ್ಕೆ ಎಳೆದುಕೊಂಡು ಹೋದೆ. ಕಾದ ಬಂಡೆಯ ಮೇಲೆ ಅವಳ ಒದ್ದೆ ಹೆಜ್ಜೆಗಳು ಮೂಡಿದ ಹಾಗೇ ಆರುತ್ತಿದ್ದವು. ಮೇಕೆಯನ್ನು ಅಟ್ಟಿ, ಅದು ನಿಂತಿದ್ದ ಜಾಗದಲ್ಲೇ ಅತ್ತೆಯನ್ನು ನಿಲ್ಲಿಸಿ, ನನ್ನ ಹೆಗಲ ಟವೆಲಿನಿಂದ ಅವಳ ಪಾದ ಒರೆಸಿದೆ.

"ಏನೇ ಇದು, ನಾನೇನು ಕೂಸಾ?"

"ಈಗ ಮುಟ್ಟು."

ಮುಟ್ಟಿದಳು. ಹಾರಲಿಲ್ಲ. ಕೈ ತಿರುಗಿಸಿ ಅಂಗೈಯಿಂದ ಮುಟ್ಟಿದಳು. ಆಮೇಲೆ ತಂತಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಕೆಳಗೆ ಮಷೀನು ಟಕ್, ಟಕ್ ಎನ್ನುತ್ತಲೇ ಇತ್ತು. ಬಟ್ಟೆ ಒಣಹಾಕುವ ಹಗ್ಗ ಹಿಡಿದವಳ ಹಾಗೆ ಅವಳು ಅದನ್ನು ಹಿಡಿದು ನಿಂತಿದ್ದಳು.

"ಕೈ ಸುಳ್ಳು ಹೇಳ್ಲಿಲ್ಲ ಕಣೇ" ಎಂದಳು ಮೆಲ್ಲಗೆ. "ಕಾಲು ಸುಳ್ಳು ಹೇಳ್ತು. ಯಾವಾಗ್ಲೂ ನೀರು ಹೊಯ್ದು, ಆ ನೀರಲ್ಲೇ ನಿಂತು ಮುಟ್ತೀನಿ. ರಾಡಿನ ಪಕ್ಕದಲ್ಲೇ. ಅಲ್ಲಿ ಏಟು ಬೀಳ್ದೆ ಇರುತ್ತಾ? ಕರಡಿ ನೀರಲ್ಲಿ ಕಾಲು ಅದ್ದಿಕೊಂಡು ಬರುತ್ತಾ?"

ಆಗ ಅವಳ ಕಣ್ಣು ಮುಷ್ಟಿಯ ಪಕ್ಕಕ್ಕೆ ಹೋಯಿತು. ಮುಚ್ಚಳ ಕಟ್ಟಿದ್ದ ತಂತಿಯ ಗಂಟಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ಬೆರಳಲ್ಲಿ ಬಿಡಿಸಿ ಎತ್ತಿದಳು. ಉದ್ದನೆಯ, ಒರಟಾದ, ಕಪ್ಪು ಕೂದಲು. ಮೇಕೆ ಬಿಳಿಯದು.

ಅಪ್ಪ ದಿನಾ ಸಂಜೆ ಮುಚ್ಚಳಗಳಿಗೆ ಹೊಸದಾಗಿ ಜೇನು ಸವರುತ್ತಿದ್ದ. "ಬೆಳಿಗ್ಗೆ ಅಷ್ಟೊತ್ತಿಗೆ ಎಲ್ಲ ಖಾಲಿ, ಇರುವೆ ಕಾಟ" ಎಂದು ಗೊಣಗುತ್ತಿದ್ದ. ಇರುವೆ ಅಲ್ಲ. ಕರಡಿ ಬಂದು, ಮಲಗಿದ್ದ ನಮ್ಮಪ್ಪನ ಪಕ್ಕದಲ್ಲೇ ನಿಂತು, ನೆಕ್ಕಿ ಹೋಗುತ್ತಿತ್ತು. ಮುಚ್ಚಳದಲ್ಲಿ ಸಿಕ್ಕಿದ್ದು ಇಲ್ಲಿಯವರೆಗೆ ಸಾಕಾಗಿತ್ತು. ಪೆಟ್ಟಿಗೆಗಳ ಕಡೆಗೆ ಯಾವತ್ತು ಮುಖ ತಿರುಗಿಸುತ್ತದೋ ಅವತ್ತು ನಡುವೆ ಸಿಗುವುದು ಅಪ್ಪನ ಮಂಚ.

"ನಾವೇ ಕರೆದು ಬಡಿಸ್ತಾ ಇದೀವಿ" ಎಂದು ಅತ್ತೆ ಬಂಡೆಯ ಮೇಲೆ ಕುಸಿದಳು. "ನನ್ನ ಒಡಹುಟ್ಟಿದವನನ್ನ ನಾನೇ ಇಲ್ಲಿ ಮಲಗಿಸಿದೀನಲ್ಲೇ."

ಸದ್ಯಕ್ಕೆ ಅಪ್ಪನನ್ನು ಕೆಳಗಿಳಿಸೋಣ ಎಂದುಕೊಂಡು ಎಬ್ಬಿಸಿದೆವು. ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಎರಡು ಹೆಜ್ಜೆ ಇಟ್ಟು, ಆಗಲ್ಲ ಎಂದು ಕುಳಿತುಬಿಟ್ಟ. ಆ ಕಡಿದಾದ ದಾರಿಯಲ್ಲಿ ಅವನನ್ನು ಹೊತ್ತು ಇಳಿಯುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

"ಯಾಕೆ ಇಳೀಬೇಕು? ಬೇಲಿ ಇದೆಯಲ್ಲ" ಎಂದ.

"ಬೇಲಿ ಸರಿ ಇಲ್ಲ ಕಣೋ" ಎಂದಳು ಅತ್ತೆ.

"ಏನು?"

"ಬೇಲಿ ಸರಿ ಇಲ್ಲ!"

"ಜೋರಾಗಿ ಹೇಳೇ ಅಕ್ಕ."

ತಪ್ಪು ಒಪ್ಪಿಕೊಳ್ಳುವುದೇ ಅತ್ತೆಗೆ ಗೊತ್ತಿಲ್ಲದ ವಿದ್ಯೆ. ಕಿವಿ ಮಂದವಾದ ತಮ್ಮನಿಗೆ ಅದನ್ನು ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. "ನಾನು ತಪ್ಪು ಹೇಳ್ದೆ ಕಣೋ! ಬೇಲಿ ಕೆಲಸ ಮಾಡ್ತಿಲ್ಲ! ಕರಡಿ ದಿನಾ ಬಂದು ಹೋಗ್ತಿದೆ!" ಎಂದು ಅರಚಿ, ಅತ್ತೆ ಅಳಲು ಶುರುಮಾಡಿದಳು. ಅಪ್ಪ ಮಂಡಿ ನೀವಿಕೊಂಡ. "ಸರಿ, ಅದಕ್ಯಾಕೆ ಅಳ್ತೀಯ? ರಿಪೇರಿ ಮಾಡು" ಎಂದ. ಅಷ್ಟೇ.

ಬಂಡೆಗೂ ನೀರು ಹೊಯ್ದರಾಯಿತಲ್ಲ ಎಂದೆ ನಾನು. "ಬಂಡೆ ನೀರು ಕುಡಿಯುತ್ತಾ? ನಿನ್ನ ಮಾತು ಮುಗಿಯೋದ್ರೊಳಗೆ ಆರಿ ಹೋಗುತ್ತೆ" ಎಂದು ಅತ್ತೆ ಮೂಗು ಒರೆಸಿಕೊಂಡು ಎದ್ದಳು. ಬೇಲಿಯ ಸುತ್ತ ಒಂದು ಸಲ ನಡೆದು ಬಂದಳು, ತುಟಿ ಏನೋ ಗೊಣಗುತ್ತಿತ್ತು. "ಕರಡಿ ಕಾಲ ಕೆಳಗೆ ನೆಲ ಇಲ್ಲ ಅಂದ್ರೆ, ನಾವೇ ನೆಲ ಹಾಸ್ಬೇಕು. ಕಬ್ಬಿಣದ ನೆಲ. ಬೇಲಿ ಹೊರಗಡೆ ಬಂಡೆ ಮೇಲೆಲ್ಲ ಜಾಲರಿ ಹಾಸಿ, ಅದನ್ನ ಅರ್ತ್ ತಂತಿಗೆ ಕಟ್ಟಿದ್ರೆ, ಜಾಲರಿ ತುಳಿದು ತಂತಿ ಮೂಸಿದ ತಕ್ಷಣ ಸುತ್ತು ಪೂರ್ತಿ. ಬಂಡೆ ಎಷ್ಟೇ ಒಣಗಿರ್ಲಿ."

"ಅಷ್ಟು ಜಾಲರಿ ಈಗ ಎಲ್ಲಿಂದ ತರ್ತೀಯ?"

ಅತ್ತೆ ಕೆಳಗೆ ನಮ್ಮ ಮನೆಯ ಕಡೆ ನೋಡಿದಳು.

"ನನ್ನ ಕೋಳಿಗೂಡು ಮುಟ್ಟಿದ್ರೆ ನೋಡು!" ಎಂದು ಅಭ್ಯಾಸಬಲದಿಂದ ಅಂದೆ. ಅನ್ನುತ್ತಲೇ ಕೆಳಗೆ ಓಡುತ್ತಿದ್ದೆ.

ನಾನು ಕೈಯಾರೆ ಕಟ್ಟಿದ್ದ ಗೂಡನ್ನು ಕೈಯಾರೆ ಕಿತ್ತೆ. ಮೊಳೆ ಕೀಳುವಾಗ ಬೆರಳು ಕುಯ್ದುಕೊಂಡೆ, ನೋಡಲು ಪುರಸೊತ್ತಿಲ್ಲ. ಕೋಳಿಗಳೆಲ್ಲ ಕೊಕ್ಕೊಕ್ಕೋ ಎಂದು ಅಡುಗೆಮನೆಗೆ ನುಗ್ಗಿದವು. ಬಾಗಿಲು ಎಳೆದುಕೊಂಡು, ಜಾಲರಿಯನ್ನು ಸುರುಳಿ ಸುತ್ತಿ ಬೆನ್ನಿಗೆ ಹಾಕಿಕೊಂಡು ಹತ್ತಿದೆ. ಸೂರ್ಯ ಆಗಲೇ ಎದುರು ಗುಡ್ಡದ ಕಡೆ ವಾಲುತ್ತಿದ್ದ. ಇಷ್ಟು ಬೇಗ ಇಳಿಯಬೇಡವೋ ಮಹರಾಯ ಎಂದು ಅವನಿಗೂ ಬೈದೆ.

ಅಷ್ಟರಲ್ಲಿ ಅತ್ತೆ ಜಲ್ಲಿಮಣ್ಣಿನಿಂದ ರಾಡುಗಳನ್ನು ಕಿತ್ತಿದ್ದಳು. ಹಾಸುಬಂಡೆಯ ಕೆಳಗೆ ಒಂದು ತಗ್ಗಿನಲ್ಲಿ ಬೇಸಿಗೆಯಲ್ಲೂ ಜೊಂಡು ಹಸಿರಾಗಿರುತ್ತದೆ, ಅಡಿಯಲ್ಲಿ ನೀರು ಜಿನುಗುತ್ತದೆ. ರಾಡುಗಳ ಜಾಗ ಅದು ಎಂದು ಈಗ ತೀರ್ಮಾನಿಸಿದ್ದಳು. "ಮೊದಲೇ ಇಲ್ಲಿ ಹೊಡೀಬೇಕಿತ್ತು. ದೂರ ಅಂತ ಸೋಮಾರಿತನ ಮಾಡಿದೆ" ಎಂದು ಸುತ್ತಿಗೆ ಎತ್ತಿದಳು. ಮೊದಲನೆಯ ರಾಡು ಅರ್ಧಕ್ಕೇ ಠಣ್ ಎಂದು ಕಲ್ಲಿಗೆ ಬಡಿದು ಬಗ್ಗಿತು. ಕಿತ್ತು ಪಕ್ಕಕ್ಕೆ ಎಸೆದಳು. ಎರಡನೆಯದೂ ಠಣ್. ಆ ಸದ್ದು ನನ್ನ ಹಲ್ಲಿನೊಳಗೆ ಇಳಿಯುತ್ತಿತ್ತು. "ಓರೆಯಾಗಿ ಹಿಡಿ" ಎಂದಳು. ನಾನು ಹಿಡಿದೆ, ಅವಳು ಹೊಡೆದಳು. ಸುತ್ತಿಗೆ ತಪ್ಪಿದರೆ ನನ್ನ ಮುಂಗೈ. ಓರೆಯಾಗಿ ಹೊಡೆದ ರಾಡು ಕಲ್ಲಿನ ಅಂಚು ತಪ್ಪಿಸಿಕೊಂಡು ಸರಸರ ಇಳಿಯಿತು. ಇನ್ನೊಂದನ್ನು ದೂರ ಬಿಟ್ಟು ಹೊಡೆದೆವು, ಮತ್ತೊಂದನ್ನು ಇನ್ನೂ ಆಚೆ. ಹತ್ತಿರ ಹತ್ತಿರ ಹೊಡೆದರೆ ಎಲ್ಲವೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಉಪಯೋಗವಿಲ್ಲ ಎಂದಳು.

ರಾಡುಗಳನ್ನೆಲ್ಲ ಒಂದೇ ತಂತಿಯಿಂದ ಸೇರಿಸಿ, ಆ ತಂತಿಯನ್ನು ಮೇಲಕ್ಕೆ ಎಳೆದು ತಂದು ಮಷೀನಿಗೂ ಜಾಲರಿಗೂ ಕಟ್ಟಬೇಕು. ಕಟ್ಟುವ ಕಡೆಯಲ್ಲೆಲ್ಲ ಅತ್ತೆ ಅರದಿಂದ ತುಕ್ಕು ಉಜ್ಜುತ್ತ ಕುಳಿತಳು. ನನಗೆ ತಡೆಯಲಾಗಲಿಲ್ಲ. "ಕತ್ತಲಾಗ್ತಿದೆ ಅತ್ತೆ, ಸುಮ್ನೆ ಸುತ್ತಿಬಿಡು!" ಎಂದು ಕಿರುಚಿದೆ. "ತುಕ್ಕಿನ ಮೇಲೆ ಕಟ್ಟಿದ್ದು ಗಂಟೇ ಅಲ್ಲ, ಕರೆಂಟ್ ದಾಟಲ್ಲ" ಎಂದು ಅವಳೂ ಕಿರುಚಿದಳು. ಸದ್ದಿಗೆ ಕೆರಳಿದ ಜೇನುಹುಳುವೊಂದು ನನ್ನ ಕಿವಿಗೆ ಕುಟುಕಿತು. ಅಪ್ಪ ಮಂಚದ ಮೇಲೆ ಕುಳಿತು, "ಜಾಲರಿ ಮೇಲೆ ಕಲ್ಲು ಹೇರ್ರಿ, ಗಾಳಿಗೆ ಏಳುತ್ತೆ" ಎಂದು ಮೇಸ್ತ್ರಿಕೆ ಮಾಡುತ್ತಿದ್ದ. ಅವನಿಗೊಬ್ಬನಿಗೆ ಭಯವಿರಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಗುತ್ತಿತ್ತು.

ಕೆಲಸ ಮುಗಿದಾಗ ಬಂಡೆಯ ಮೇಲೆ ಕೆಂಪು ಬೆಳಕು ಸ್ವಲ್ಪ ಉಳಿದಿತ್ತು. ಅತ್ತೆ ನನ್ನ ಟವೆಲು ಕಿತ್ತುಕೊಂಡು ಪಾದವನ್ನು ತಿಕ್ಕಿ ತಿಕ್ಕಿ ಒರೆಸಿದಳು, ಬೆರಳ ಸಂದಿಯನ್ನೂ ಬಿಡಲಿಲ್ಲ. ಮೇಕೆ ನಿಂತಿದ್ದ ಜಾಗದಲ್ಲೇ, ಈಗ ಜಾಲರಿಯ ಮೇಲೆ ನಿಂತಳು. ಕೈ ಚಾಚಿದಳು. ತಂತಿಯ ಹತ್ತಿರ ಹೋದ ಕೈ ನಿಂತುಬಿಟ್ಟಿತು. ಜೀವಮಾನವೆಲ್ಲ ತಂತಿ ಮುಟ್ಟಿದ ಹೆಂಗಸು ಮೊದಲ ಸಲ ಹೆದರಿದ್ದಳು. ಏಟು ಬಿದ್ದೀತೆಂಬ ಹೆದರಿಕೆಯಲ್ಲ, ಬೀಳದೆ ಹೋದರೆ ಎಂಬ ಹೆದರಿಕೆ.

"ಮುಟ್ಟು ಅತ್ತೆ" ಎಂದೆ.

ಮುಟ್ಟಿದಳು. ಜಾಲರಿಯ ಮೇಲಿಂದ ಹಾರಿ ನನ್ನ ಮೇಲೆಯೇ ಬಿದ್ದಳು. "ಬಿತ್ತು! ಬಿತ್ತು ಕಣೇ, ಮೊಣಕೈವರೆಗೂ ಬಿತ್ತು!" ಎಂದು ನನ್ನನ್ನು ತಬ್ಬಿಕೊಂಡಳು. ಇಷ್ಟಕ್ಕೇ ಬಿಡುತ್ತಾಳೆ ಎಂದುಕೊಂಡೆ. ಇಲ್ಲ. ಟೂಲ್ ಚೀಲದ ತಳದಿಂದ ಆ ಮೀಟರ್ ತೆಗೆದು, ಪ್ಲಾಸ್ಟಿಕ್ ಕವರನ್ನು ಹಲ್ಲಿನಿಂದ ಹರಿದಳು. ಬೇಲಿಯ ಒಂದೊಂದು ಮೂಲೆಗೂ ಹೋಗಿ ಹಿಡಿದು ನೋಡಿದಳು. ಎಲ್ಲ ಕಡೆಯೂ ಮೀಟರಿನ ದೀಪಗಳು ತುದಿಯವರೆಗೆ ಹತ್ತಿದವು. ಆಮೇಲೆ ಅಪ್ಪನ ಮಂಚದ ಹತ್ತಿರ ಹೋದಳು.

"ಏಳು. ನೀನೂ ಮುಟ್ಟು."

"ನಾನ್ಯಾಕೆ? ನೀನು ಹೇಳಿದ್ರೆ ಸಾಕು."

"ನೀನು ಹೇಳಿದ್ರೆ ಸಾಕು ಅಂತ ಇನ್ನೊಂದು ಸಲ ಅಂದ್ರೆ ನಾಲಿಗೆ ಕಿತ್ತು ಹಾಕ್ತೀನಿ!" ಎಂದು ಕಿವಿಯ ಹತ್ತಿರವೇ ಅರಚಿದಳು. "ಆವತ್ತು ಕೆಳಗೆ ನಿಂತವನು ಹೇಳ್ದ ಅಂತ ತಾನೇ ಅವರು ಕಂಬ ಹತ್ತಿದ್ದು!"

ಮಾವನ ವಿಷಯ ಅವಳ ಬಾಯಲ್ಲಿ ಬಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ನನ್ನ ಹೆಗಲು ಹಿಡಿದು ಎದ್ದ. ಅತ್ತೆ ಅವನ ಕಾಲ ಬಳಿ ಕುಳಿತು, ಒಂದೊಂದಾಗಿ ಎರಡೂ ಪಾದಗಳನ್ನು ಒರೆಸಿದಳು. ಅವರಿಬ್ಬರೂ ಚಿಕ್ಕವರಿದ್ದಾಗ ಮಣ್ಣಲ್ಲಿ ಆಡಿ ಬಂದ ತಮ್ಮನ ಕಾಲನ್ನು ಅವಳು ಹೀಗೇ ಒರೆಸುತ್ತಿದ್ದಳೋ ಏನೋ. ಅಪ್ಪ ಬಗ್ಗಿ ತಂತಿ ಮುಟ್ಟಿದ. ತಲೆಯ ಟೋಪಿ ಹಾರಿ ಪೆಟ್ಟಿಗೆಯ ಮೇಲೆ ಬಿತ್ತು. ಅವನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗುವುದಿಲ್ಲ. ಅತ್ತೆ ಅಳುತ್ತ ನಕ್ಕಳು.

ಆದರೂ ಅವನನ್ನು ಹೊರಗೆ ಮಲಗಿಸಲು ಅವಳು ಒಪ್ಪಲಿಲ್ಲ. ಶೆಡ್ಡಿನಿಂದ ಖಾಲಿ ಪೆಟ್ಟಿಗೆಗಳನ್ನು ಎಳೆದು ಹೊರಗೆ ಹಾಕಿ, ಮಂಚ ಒಳಗೆ ತಂದು, ಮೂವರೂ ತುರುಕಿಕೊಂಡೆವು. ಅಪ್ಪ ಗೊರಕೆ ಹೊಡೆದ. ನಾವಿಬ್ಬರೂ ಮೈಯೆಲ್ಲ ಕಿವಿಯಾಗಿ ಟಕ್, ಟಕ್ ಎನ್ನುವುದನ್ನೇ ಕೇಳುತ್ತ ಬೆಳಗು ಮಾಡಿದೆವು. ನಡುವೆ ಒಮ್ಮೆ ಅತ್ತೆ, "ಕೋಳಿಗಳಿಗೆ ನೀರಿಟ್ಯಾ?" ಎಂದಳು. ಇಟ್ಟಿರಲಿಲ್ಲ.

ಬೂದು ಬೆಳಕು ಹರಿಯುವ ಹೊತ್ತಿಗೆ ಕರಡಿ ಬಂತು. ತಗಡಿನ ಸಂದಿಯಲ್ಲಿ ಕಣ್ಣಿಟ್ಟು ನೋಡಿದೆವು. ಅವಸರವೇ ಇಲ್ಲ ಅದಕ್ಕೆ, ಸ್ವಂತ ಮನೆಯ ಅಡುಗೆಮನೆಗೆ ಬರುವ ಯಜಮಾನನ ಹಾಗೆ ನೇರವಾಗಿ ಆ ಮುಚ್ಚಳದ ಕಡೆಗೇ ನಡೆದು ಬಂತು. ಜಾಲರಿಯ ಅಂಚಿನಲ್ಲಿ ನಿಂತಿತು. ಕೆಳಗೆ ಮೂಸಿತು. ಅತ್ತೆಯ ಉಗುರು ನನ್ನ ತೋಳಿನೊಳಗೆ ಇಳಿಯುತ್ತಿತ್ತು. ಒಂದು ಕಾಲು ಜಾಲರಿಯ ಮೇಲೆ ಇಟ್ಟಿತು, ಇನ್ನೊಂದು ಕಾಲೂ ಇಟ್ಟಿತು. ಕತ್ತು ಚಾಚಿ ನಾಲಿಗೆ ಹೊರಗೆ ಹಾಕಿತು.

ಅದು ಹಾಕಿದ ಕೂಗಿಗೆ ಶೆಡ್ಡಿನ ತಗಡು ನಡುಗಿತು. ಹಿಂದಕ್ಕೆ ಪಲ್ಟಿ ಹೊಡೆದು, ಎದ್ದು, ಪೊದೆಗಳನ್ನು ಮುರಿದುಕೊಂಡು ಗುಡ್ಡದ ಆಚೆಗೆ ಓಡಿತು. ಕಲ್ಲುಗಳು ಉರುಳುವ ಸದ್ದು ಬಹಳ ದೂರದವರೆಗೆ ಕೇಳಿತು. ಅತ್ತೆ ಗೋಡೆಗೆ ಒರಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಅಪ್ಪನಿಗೆ ಏನೂ ಕೇಳಿಸಿರಲಿಲ್ಲ. ನಾನು ಅಲ್ಲಾಡಿಸಿದ ಮೇಲೆ ಕಣ್ಣು ಬಿಟ್ಟ.

"ಏನು, ಬಂದಿತ್ತಾ?"

"ಬಂತು, ಓಡಿತು!" ಎಂದು ಕೂಗಿದೆ.

"ನಾನು ಹೇಳ್ಲಿಲ್ವಾ? ನಮ್ಮಕ್ಕ ಹೇಳಿದ್ಮೇಲೆ ಮುಗೀತು" ಎಂದು ಮಗ್ಗಲು ಬದಲಿಸಿ ಕಂಬಳಿ ಎಳೆದುಕೊಂಡ.

ಇಷ್ಟಾದ ಮೇಲೂ ಆ ಮಾತು! ನನಗೆ ನಗು ಬಂತು. ಅತ್ತೆ ನಗಲಿಲ್ಲ. ಬೈಸಿಕೊಂಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ. ತಮ್ಮನ ಪಾದಗಳಿಗೂ ಕಂಬಳಿ ಎಳೆದು ಹೊದಿಸಿದಳು. ಆಮೇಲೆ ಟೂಲ್ ಚೀಲ ಹೆಗಲಿಗೇರಿಸಿದಳು, ಮೀಟರನ್ನು ಕೈಯಲ್ಲಿ ಹಿಡಿದಳು, ನನ್ನ ಟವೆಲನ್ನು ಕೊಡವಿ ಭುಜದ ಮೇಲೆ ಹಾಕಿಕೊಂಡಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು ಕೆಂಡವಾಗಿತ್ತು.

"ಎಲ್ಲಿಗೆ ಅತ್ತೆ? ಒಂದು ತೊಟ್ಟು ಕಾಫಿನಾದ್ರೂ ಕುಡಿದು ಹೋಗು."

"ಕಲ್ಲುಗಣಿ ಹತ್ರ ಹೋಗ್ಬೇಕು ಕಣೇ" ಎಂದು ಅವಳು ಆಗಲೇ ದಾರಿ ಇಳಿಯುತ್ತಿದ್ದಳು. "ಕುರಿಯಮ್ಮನ ದೊಡ್ಡಿ ಇರೋದೂ ಬರೀ ಕಲ್ಲಿನ ಮೇಲೇನೇ. ನಾನು ಹಾರಿದ್ದು ನೋಡಿ ಮೊಮ್ಮಗೂನ ಪಕ್ಕದಲ್ಲಿ ಹಾಕ್ಕೊಂಡು ಮಲಗಿದಾಳೆ ಅವಳು."